ಮೂರನೆಯ ರಾತ್ರಿಯ ಗೆರೆ

ಉಲಾನ್‌ಬಾತರಿನಲ್ಲಿ ಜನವರಿ ಎಂದರೆ
ಕಿಟಕಿಯಾಚೆ ಬೆಳಗಾಗುವುದಿಲ್ಲ, ಬೂದಿಯಾಗುತ್ತದೆ.
ಮೈನಸ್ ಮೂವತ್ತೊಂದು. ಆಸ್ಪತ್ರೆಯ ನಾಲ್ಕನೇ ಮಹಡಿ.
ನನ್ನ ಪರದೆಯ ಮೇಲೆ ಹದಿನೇಳು ಮಕ್ಕಳು
ಗೆರೆಗಳಾಗಿ ಮಲಗಿದ್ದಾರೆ.

ಒಬ್ಬೊಬ್ಬರ ಎದೆಗೂ ಒಂದು ಬಿಲ್ಲೆ ಅಂಟಿಸಿದ್ದೇವೆ,
ಅಂಗಿಯ ಗುಂಡಿಗಿಂತ ಚೂರು ದೊಡ್ಡದು.
ಉಬ್ಬಸಕ್ಕೆ ಕಿವಿಗೊಡುತ್ತದೆ, ಕೆಮ್ಮು ಎಣಿಸುತ್ತದೆ,
ಎಣಿಸಿದ್ದನ್ನೆಲ್ಲ ನನಗೆ ಚಾಡಿ ಹೇಳುತ್ತದೆ.
ತಾಯಂದಿರಿಗೆ ಹೇಳಿಕೊಟ್ಟಿದ್ದೇನೆ:
ಮೀಯಿಸುವ ಮುಂಚೆ ತೆಗೆಯಿರಿ, ಮರೆಯದೆ ಚಾರ್ಜ್ ಮಾಡಿ,
ಒಲೆಯ ಹತ್ತಿರ ಇಡಬೇಡಿ.
ಒಂದೇ ಕೋಣೆಯ ದುಂಡು ಕಂಬಳಿಮನೆಯಲ್ಲಿ
ಒಲೆಯ ಹತ್ತಿರವಲ್ಲದ ಜಾಗ ಯಾವುದೆಂದು
ಯಾರೂ ತಿರುಗಿ ಕೇಳಲಿಲ್ಲ.

ಹನ್ನೊಂದನೆಯ ಗೆರೆ ತುವ್ಶಿನ್‌ನದು.
ಏಳು ವರ್ಷ. ಮುಂದಿನ ಹಲ್ಲೆರಡು ಇಲ್ಲ.
ಹೆಸರಿನ ಅರ್ಥ ಸಮತಟ್ಟು;
ಗೆರೆಗೆ ಮಾತ್ರ ಅದು ಗೊತ್ತಿಲ್ಲ.
ಬಿಲ್ಲೆ ಅಂಟಿಸುವಾಗ ಕೇಳಿದ್ದ:
"ಇದಕ್ಕೆ ನನ್ನ ಕನಸೂ ಕೇಳಿಸುತ್ತದಾ?"
ಇಲ್ಲ ಅಂದೆ.
"ಹಾಗಾದರೆ ಸರಿ."

ಎರಡು ರಾತ್ರಿ ಅವನ ಗೆರೆ ಅವನ ಹಾಗೇ ಇತ್ತು:
ಗುಬ್ಬಿ ಕುಪ್ಪಳಿಸಿದಂತೆ. ಮೂರರ ಹೊತ್ತಿಗೆ ಒಂದಿಷ್ಟು ಸಿಳ್ಳೆ,
ಇನ್ಹೇಲರ್ ಎಳೆದುಕೊಂಡ ಮೇಲೆ ಮತ್ತೆ ಗುಬ್ಬಿ.
ಮೂರನೆಯ ರಾತ್ರಿ ಗೆರೆಯೇ ಇಲ್ಲ.
ಶುರುವಾಗಿದ್ದು ಬೆಳಗಿನ ಐದೂಕಾಲಿಗೆ.
ನಿಧಾನ, ಅಗಲ,
ತುಂಬಿದ ಲಾರಿ ದಿಣ್ಣೆ ಹತ್ತುವಂತೆ
ಹತ್ತಿ, ನಿಂತು, ಜಾರಿ,
ತಳದಲ್ಲಿ ಯಾರೋ ಜಲ್ಲಿಯ ಮೇಲೆ ಸಲಿಕೆ ಎಳೆದಂತೆ.
ಪರದೆ ಕೆಂಪಗಾಯಿತು:
ವಯಸ್ಸು ಏಳು, ಉಸಿರು ನಿಮಿಷಕ್ಕೆ ಹದಿಮೂರು.

ಉಬ್ಬಸದ ಮಗು ಹದಿಮೂರಕ್ಕೆ ಇಳಿದರೆ
ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ
ಅದಕ್ಕೊಂದೇ ಅರ್ಥ. ದಣಿದಿದೆ. ಕೈಬಿಡುತ್ತಿದೆ.

ಫೋನು ಮಾಡಿದೆ. ಎರಡು ಸಲ ತಪ್ಪು ನಂಬರು.
"ಎರ್ದೆನ್‌ಸುವ್ದ್, ಏಳಮ್ಮ, ದೀಪ ಹಾಕು,
ಮಗುವಿನ ತುಟಿ ಯಾವ ಬಣ್ಣ?"
"ಕೆಂಪಗಿದೆ. ಗೊರಕೆ ಹೊಡೆಯುತ್ತಿದ್ದಾನೆ."
"ಅಂಗಿ ಎತ್ತು. ಬಿಲ್ಲೆ ಇದೆಯಾ?"
ಕಂಬಳಿ ಸರಿದ ಸದ್ದು.
"ಇಲ್ಲ."
ಆಮೇಲೆ ತಡಕಾಟ, ಏನೋ ಪಾತ್ರೆ ಉರುಳಿದ್ದು.
"ಅಯ್ಯೋ. ಇವರ ಎದೆಯ ಮೇಲಿದೆ."

ಇವರು ಎಂದರೆ ಅವನಪ್ಪ,
ಶಾಲೆಯ ಬಾಯ್ಲರಿಗೆ ಇಡೀ ರಾತ್ರಿ ಕಲ್ಲಿದ್ದಲು ಹಾಕುವವನು,
ಮಕ್ಕಳು ಕೋಟು ಬಿಚ್ಚಿ ಮಗ್ಗಿ ಬರೆಯಲೆಂದು.
ಐದಕ್ಕೆ ಬಂದು ಬೂಟು ಕಳಚಿ ಹಾಗೇ ಉರುಳುತ್ತಾನೆ.
ಅದೇ ಶಾಲೆಯ ಎರಡನೇ ತರಗತಿ ತುವ್ಶಿನ್.
ಅದೇ ಹೊಗೆ ಆಟದ ಬಯಲಿಗೆ ಇಳಿಯುತ್ತದೆ.

ಹುಡುಗನ ಕೈಗೆ ಫೋನು ಕೊಟ್ಟರು.
"ಅಪ್ಪನೂ ಕೆಮ್ಮುತ್ತಾನೆ. ಅವನಿಗೆ ಯಾರೂ ಕೊಟ್ಟಿಲ್ಲ.
ಅದಕ್ಕೇ ನನಗೆರಡು ರಾತ್ರಿ, ಅವನಿಗೊಂದು."
ಸ್ವಲ್ಪ ಹೊತ್ತು ಬಿಟ್ಟು,
"ಬೈತೀರಾ?"

ಬೈದೆ. ಬೈಯುವುದು ನನ್ನ ಕೆಲಸ.
ಬಿಲ್ಲೆ ನಿನ್ನದು, ಬೇರೆಯವರಿಗಲ್ಲ, ಕೆಟ್ಟರೆ ಇನ್ನೊಂದಿಲ್ಲ.
ಹೂಂ ಅಂದ, ಹೂಂ ಅಂದ,
ಎರಡು ಹೂಂಗಳ ನಡುವೆ ಒಂದು ಸಿಳ್ಳೆ.
ಹೋಗು, ಇನ್ಹೇಲರ್ ಎಳೆದುಕೋ ಅಂದೆ.

ಆ ನಲವತ್ತು ನಿಮಿಷದ ಗೆರೆ ಈಗ ನನ್ನ ಬಳಿ ಇದೆ.
ನಿಯಮದ ಪ್ರಕಾರ ಅದು ಮಾಹಿತಿಯಲ್ಲ, ಕಸ.
ಅಳಿಸುವ ಮುನ್ನ ಕಾರಣ ಕೇಳುತ್ತದೆ:
ಬಿಲ್ಲೆ ಸಡಿಲ. ಬ್ಯಾಟರಿ ಖಾಲಿ. ಸಿಗ್ನಲ್ ಇಲ್ಲ. ಇತರೆ.
ಅಪ್ಪ ಎಂಬ ಕಾರಣವಿಲ್ಲ.
'ಇತರೆ' ಒತ್ತಿದೆ. ಒತ್ತುವ ಮುಂಚೆ ಮುದ್ರಿಸಿ
ಕೋಟಿನ ಜೇಬಿಗೆ ಮಡಚಿಟ್ಟೆ.
ದೊಡ್ಡವರ ಶ್ವಾಸಕೋಶದ ಡಾಕ್ಟರು ಎರಡನೇ ಮಹಡಿ, ಬರುವುದು ಒಂಬತ್ತಕ್ಕೆ.
ಈ ಕಾಗದದಲ್ಲಿ ರೋಗಿಯ ಹೆಸರೇ ತಪ್ಪು;
ಏನೆಂದು ಹೇಳಲಿ, ಇನ್ನೂ ಯೋಚಿಸಿಲ್ಲ.

ಆರೂ ಇಪ್ಪತ್ತು. ಹನ್ನೊಂದನೆಯ ಗೆರೆಯಲ್ಲಿ
ಗುಬ್ಬಿ ಬಂದು ಕೂತಿದೆ.
ಚಳಿಗೆ ರೇಡಿಯೇಟರಿನ ಮೇಲೆ ಕೈಯಿಟ್ಟೆ.
ಬೆಚ್ಚಗಿತ್ತು.
ಕೈ ತೆಗೆದೆ.